ಮೂರ್ನಾಡು ಮತ್ತು ಸುತ್ತಲಿನ ಕೊಡಗು

ಮೂರ್ನಾಡು: ಕೊಡಗು ಜಿಲ್ಲೆಯ ಮಡಿಕೇರಿ ತಾಲ್ಲೂಕಿಗೆ ಸೇರಿದ ಊರು. ಮಡಿಕೇರಿಯಿಂದ ವಿರಾಜಪೇಟೆಗೆ ಹೋಗುವ ರಸ್ತೆಯಲ್ಲಿ, ಮಡಿಕೇರಿಗೆ ದಕ್ಷಿಣದಲ್ಲಿ ಸುಮಾರು 15 ಕಿ.ಮೀ. ದೂರದಲ್ಲಿದೆ. ನಾಪೋಕ್ಲು ಕಡೆಯ ರಸ್ತೆ ಕವಲೊಡೆಯುವುದು ಇಲ್ಲಿಯೇ. ಕಾಂತೂರು, ಹೊದ್ದೂರು, ಕಿಗ್ಗಾಲು ಮೊದಲಾದ ಹಳ್ಳಿಗಳವರಿಗೆ ಅಂಗಡಿ, ಬ್ಯಾಂಕು, ಶಾಲೆ, ಕಾಲೇಜು ಎಲ್ಲಕ್ಕೂ ಈ ಪೇಟೆಯೇ ಆಧಾರ. ಪ್ರವಾಸಿಗರಿಗೆ ತೋರಿಸುವ ಜಲಪಾತವಾಗಲಿ ಅರಮನೆಯಾಗಲಿ ಊರೊಳಗೆ ಇಲ್ಲ. ಹಾಗಾಗಿ ಪ್ರವಾಸದ ಪಟ್ಟಿಗಳಲ್ಲಿ ಇದರ ಹೆಸರು ಕಾಣುವುದು ಅಪರೂಪ. ಆದರೆ ಜಿಲ್ಲೆಯನ್ನು ನಿಧಾನವಾಗಿ ನೋಡಬೇಕೆಂದು ಬಂದವರಿಗೆ ಇದಕ್ಕಿಂತ ಅನುಕೂಲವಾದ ತಂಗುದಾಣ ಸಿಗುವುದು ಕಷ್ಟ. ಉತ್ತರಕ್ಕೆ ಹೋದರೆ ರಾಜರ ಮಡಿಕೇರಿ, ಪಶ್ಚಿಮಕ್ಕೆ ಹೋದರೆ ಜಿಲ್ಲೆಯ ಅತಿ ಎತ್ತರದ ಬೆಟ್ಟ, ದಕ್ಷಿಣಕ್ಕೆ ಸ್ವಲ್ಪ ದೂರ ಇಳಿದರೆ ಬೇತ್ರಿಯಲ್ಲಿ ಕಾವೇರಿ. ನಡುವೆ ಇರುವುದು ಗದ್ದೆ, ತೋಟ, ದೇವರಕಾಡು ಮತ್ತು ಐನ್‌ಮನೆಗಳ ನಾಡು. ಕೊಡಗಿನ ನಿಜವಾದ ಆಕರ್ಷಣೆ ಈ ನಡುವಿನ ನಾಡೇ ಎಂಬುದು ಈ ಲೇಖನದ ನಿಲುವು.

ಕೊಡಗು ಜಿಲ್ಲೆಯ ವಿಸ್ತೀರ್ಣ 4,102 ಚ.ಕಿ.ಮೀ. 2011ರ ಜನಗಣತಿಯಂತೆ ಜನಸಂಖ್ಯೆ 5,54,519. ಸಾವಿರ ಗಂಡಸರಿಗೆ 1,019 ಹೆಂಗಸರು. ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆ ಎಂಬ ಮೂರು ಹಳೆಯ ತಾಲ್ಲೂಕುಗಳ ಜೊತೆಗೆ ಈಚೆಗೆ ಕುಶಾಲನಗರ ಮತ್ತು ಪೊನ್ನಂಪೇಟೆ ಸೇರಿವೆ. ಇಡೀ ಜಿಲ್ಲೆಯಲ್ಲಿ ರೈಲುಮಾರ್ಗವಿಲ್ಲ. ಮೈಸೂರಿನಿಂದ ಬಂದರೂ ಮಂಗಳೂರಿನಿಂದ ಬಂದರೂ ಕಣ್ಣೂರಿನಿಂದ ಬಂದರೂ ರಸ್ತೆಯೇ ಗತಿ. ಪಶ್ಚಿಮಘಟ್ಟದ ಅಂಚಿನ ಭಾಗಮಂಡಲದ ಕಡೆ ಮಳೆ ವಿಪರೀತ. ಮಡಿಕೇರಿಯಲ್ಲಿ ವರ್ಷಕ್ಕೆ ಸರಾಸರಿ 3,000 ಮಿ.ಮೀ.ಗಿಂತ ಹೆಚ್ಚು ಸುರಿಯುತ್ತದೆ. ಪೂರ್ವಕ್ಕೆ ಕುಶಾಲನಗರಕ್ಕೆ ಇಳಿಯುವಷ್ಟರಲ್ಲಿ ಅದು ಅರ್ಧಕ್ಕೂ ಕಡಿಮೆಯಾಗುತ್ತದೆ. ಒಂದೇ ಜಿಲ್ಲೆಯೊಳಗೆ ಒಂದು ಗಂಟೆಯ ಪಯಣದಲ್ಲಿ ಮಲೆನಾಡಿನಿಂದ ಬಯಲುಸೀಮೆಯ ಅಂಚಿಗೆ ಬಂದಿರುತ್ತೇವೆ. ಮನೆಯ ಮಾಡಿನ ಇಳಿಜಾರಿನಿಂದ ಹಿಡಿದು ತಟ್ಟೆಯ ಊಟದವರೆಗೆ ಎಲ್ಲವೂ ಆ ಅಂತರಕ್ಕೆ ತಕ್ಕಂತೆ ಬದಲಾಗುತ್ತವೆ.

ಗದ್ದೆ, ಬಾಣೆ, ದೇವರಕಾಡು

ಮೂರ್ನಾಡಿನ ಸುತ್ತಮುತ್ತ ಯಾವ ಕವಲುದಾರಿ ಹಿಡಿದು ನಡೆದರೂ ಭೂಮಿಯ ಒಂದೇ ಕ್ರಮ ಕಾಣುತ್ತದೆ. ಕಣಿವೆಯ ತಳದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಇಳಿಯುವ ಭತ್ತದ ಗದ್ದೆ. ಗದ್ದೆಯ ಅಂಚಿನಲ್ಲಿ, ನೀರು ಹತ್ತದಷ್ಟು ಎತ್ತರದಲ್ಲಿ ಮನೆ. ಮನೆಯ ಹಿಂದೆ ಮೇಲೇರುವ ಬಾಣೆ. ಗದ್ದೆಗೆ ಬೇಕಾದ ಸೊಪ್ಪು, ದನಗಳಿಗೆ ಮೇವು, ಒಲೆಗೆ ಸೌದೆ ಒದಗಲಿ ಎಂದು ಗದ್ದೆಯ ಜೊತೆಗೇ ಬಿಟ್ಟುಕೊಟ್ಟ ಜಾಗ ಅದು. ಜಮ್ಮಾ ಹಿಡುವಳಿಯ ಈ ಏರ್ಪಾಡು ರಾಜರ ಕಾಲದ್ದು. ಅಂದು ಸೊಪ್ಪು ಕಡಿಯುತ್ತಿದ್ದ ಬಾಣೆಗಳೇ ಇಂದು ಬಹುಪಾಲು ಕಾಫಿ ತೋಟಗಳಾಗಿವೆ. ಈಚಿನ ದಶಕಗಳಲ್ಲಿ ಗದ್ದೆಗಳೂ ಪಾಳುಬೀಳುತ್ತಿವೆ. ನಾಟಿಗೆ ಆಳು ಸಿಗುವುದಿಲ್ಲ, ಭತ್ತದಲ್ಲಿ ಖರ್ಚೂ ಹುಟ್ಟುವುದಿಲ್ಲ ಎಂದು ರೈತರು ಹೇಳುವುದರಲ್ಲಿ ಸುಳ್ಳಿಲ್ಲ. ಆದರೆ ಮಳೆನೀರನ್ನು ತಿಂಗಳುಗಟ್ಟಲೆ ನಿಲ್ಲಿಸಿಕೊಂಡು ನೆಲಕ್ಕೆ ಇಂಗಿಸುತ್ತಿದ್ದ ಗದ್ದೆಗಳು ಹೋದರೆ ಬೇಸಿಗೆಯಲ್ಲಿ ತೋಡು ಬತ್ತುತ್ತದೆ. ಇದು ಕಾವೇರಿಯನ್ನು ನಂಬಿದ ಕೆಳಗಿನವರೆಲ್ಲರ ಚಿಂತೆಯೂ ಆಗಬೇಕು.

ತೋಟಗಳ ನಡುವೆ ಇದ್ದಕ್ಕಿದ್ದಂತೆ ಮರಗಳು ದಟ್ಟವಾಗಿ ನೆಲ ಕಪ್ಪಾದರೆ ಅದು ದೇವರಕಾಡು. ಅಯ್ಯಪ್ಪ, ಭಗವತಿ, ಮಹಾದೇವ ಮುಂತಾದ ದೇವರ ಹೆಸರಿನಲ್ಲಿ ಬಿಟ್ಟ ಇಂಥ ಕಾಡುಗಳು ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚಿವೆ. ಕೆಲವು ಒಂದು ಎಕರೆಯೂ ಇಲ್ಲದ ತುಣುಕುಗಳು. ಆದರೂ ಊರಿನ ಅತ್ಯಂತ ಹಳೆಯ ಮರಗಳು ಉಳಿದಿರುವುದು ಅಲ್ಲಿಯೇ. ಒಳಗೆ ಕೊಂಬೆ ಕಡಿಯುವಂತಿಲ್ಲ, ಬೇಟೆಯಾಡುವಂತಿಲ್ಲ ಎಂಬ ಕಟ್ಟಳೆಯನ್ನು ಊರವರು ತಲೆಮಾರುಗಳಿಂದ ಪಾಲಿಸುತ್ತ ಬಂದಿದ್ದಾರೆ. ಒತ್ತುವರಿಯಿಂದ ಹಲವು ಕಾಡುಗಳು ಸೊರಗಿದ್ದೂ ನಿಜ.

ಕೊಡವರ ಒಕ್ಕವೊಂದರ ಮೂಲಮನೆಯೇ ಐನ್‌ಮನೆ. ಒಂದೇ ಮನೆತನದ ಹೆಸರು ಹೊತ್ತವರೆಲ್ಲ, ಬೆಂಗಳೂರಿನಲ್ಲಿರಲಿ ಅಮೆರಿಕದಲ್ಲಿರಲಿ, ತಮ್ಮದೆಂದು ಹೇಳಿಕೊಳ್ಳುವ ಮನೆ ಅದು. ಗದ್ದೆಯ ಬದಿಯಿಂದ ಕಲ್ಲುಕಟ್ಟಿದ ಓಣಿಯೊಂದು ಅಂಗಳಕ್ಕೆ ಏರುತ್ತದೆ. ಮೆಟ್ಟಿಲು ಹತ್ತಿದರೆ ಕೈಯಾಲೆ ಎಂಬ ಜಗಲಿ. ಕೆತ್ತನೆಯ ಮರದ ಕಂಬಗಳ ನಡುವೆ ಐಮರ ಎಂಬ ಅಗಲವಾದ, ದಪ್ಪನೆಯ ಹಲಗೆ. ಎಷ್ಟೋ ತಲೆಮಾರು ಕೂತೆದ್ದು ಅದರ ಅಂಚು ನುಣುಪಾಗಿರುತ್ತದೆ. ಮನೆಯ ಹಿರಿಯರು ಕುಳಿತು ನ್ಯಾಯ ತೀರ್ಮಾನ ಮಾಡುತ್ತಿದ್ದ ಜಾಗ ಅದು. ಒಳಗೆ ನೆಲ್ಲಕ್ಕಿ ನಡುಬಾಡೆ; ಅಲ್ಲಿ ತೂಗುವ ದೀಪದ ಮುಂದೆ ಮದುವೆಯೂ ಹಬ್ಬವೂ ನಡೆಯುತ್ತವೆ. ಮೂಲೆಯಲ್ಲಿ ಹಿರಿಯರಿಗೆ ಮೀಸಲಾದ ಕನ್ನಿಕೋಂಬರೆ, ಹೊರಗೆ ಮೂಲಪುರುಷನಾದ ಕಾರಣವನ ಕೈಮಡ ಎಂಬ ಗುಡಿ. ದೊಡ್ಡ ಐನ್‌ಮನೆಗಳಲ್ಲಿ ನಡುವೆ ಆಕಾಶಕ್ಕೆ ತೆರೆದ ತೊಟ್ಟಿಯೂ ಇರುತ್ತದೆ. ಅರೆಭಾಷೆ ಗೌಡರಲ್ಲಿಯೂ ಐನ್‌ಮನೆಯ ಸಂಪ್ರದಾಯ ಬಲವಾಗಿದೆ. ಹಲವು ಮನೆಗಳ ಹುಲ್ಲಿನ ಮಾಡು ಹೆಂಚಾಗಿದೆ, ಕೆಲವು ಕುಸಿದಿವೆ, ಕೆಲವನ್ನು ಮನೆತನದವರು ಹಣ ಕೂಡಿಸಿ ಹೊಸದಾಗಿ ಎತ್ತಿದ್ದಾರೆ. ಇವು ವಸ್ತುಸಂಗ್ರಹಾಲಯಗಳಲ್ಲ. ಒಳಗೆ ಜನ ವಾಸಿಸುತ್ತಾರೆ. ಪರಿಚಯದವರ ಮೂಲಕ, ಮೊದಲೇ ಕೇಳಿಕೊಂಡು ಹೋದವರಿಗೆ ಸಿಗುವ ಆದರ ದೊಡ್ಡದು.

ಕಾಫಿಯ ವರ್ಷ

ಯೂರೋಪಿಯನ್ನರ ಮೊದಲ ಕಾಫಿ ತೋಟ ಮಡಿಕೇರಿಯ ಬಳಿ ಆರಂಭವಾದದ್ದು 1854ರಲ್ಲಿ, ಫೌಲರ್ ಎಂಬಾತನಿಂದ. ಇಂದು ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ಈ ಪುಟ್ಟ ಜಿಲ್ಲೆಯದು. ಮೂರ್ನಾಡಿನ ಆಸುಪಾಸಿನಲ್ಲಿ ರೋಬಸ್ಟಾದ್ದೇ ಮೇಲುಗೈ. ಎತ್ತರದ, ತಂಪು ಹೆಚ್ಚಿರುವ ಉತ್ತರದ ತೋಟಗಳಲ್ಲಿ ಅರೇಬಿಕಾ ಒಗ್ಗುತ್ತದೆ. ಕೊಡಗಿನ ಅರೇಬಿಕಾಕ್ಕೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು.

ಬೆಳೆಗಾರನ ವರ್ಷ ನಿಂತಿರುವುದು ಒಂದೆರಡು ಮಳೆಗಳ ಮೇಲೆ. ಫೆಬ್ರವರಿ–ಮಾರ್ಚ್‌ನಲ್ಲಿ ಬೀಳುವುದು ಹೂಮಳೆ. ಅದು ಬಂದು ಎಂಟು–ಹತ್ತು ದಿನಕ್ಕೆ ತೋಟಕ್ಕೆ ತೋಟವೇ ಒಮ್ಮೆಲೇ ಬೆಳ್ಳಗಾಗುತ್ತದೆ. ಗಿಡದ ಪ್ರತಿ ಗೆಣ್ಣಿನಲ್ಲೂ ಹೂವು ಗೊಂಚಲುಗಟ್ಟುತ್ತದೆ, ಮಲ್ಲಿಗೆಯನ್ನು ಹೋಲುವ ಪರಿಮಳ ರಸ್ತೆಯಲ್ಲಿ ಹೋಗುವವರಿಗೂ ತಾಗುತ್ತದೆ, ಜೇನ್ನೊಣಗಳ ಮೊರೆತ ಮನೆಯಂಗಳಕ್ಕೂ ಕೇಳುತ್ತದೆ. ಮೂರು–ನಾಲ್ಕು ದಿನಕ್ಕೆ ಹೂ ಕಂದುತ್ತದೆ. ಕೆಲವು ವಾರ ಕಳೆದು ಇನ್ನೊಂದು ಮಳೆ ಬಂದರೆ ಕಾಯಿ ನಿಲ್ಲುತ್ತದೆ. ಮಳೆಯನ್ನು ನಂಬಲಾಗದವರು ಕೆರೆಯಿಂದಲೋ ಹೊಳೆಯಿಂದಲೋ ಸ್ಪ್ರಿಂಕ್ಲರ್ ಹಾಯಿಸುತ್ತಾರೆ. ಅರೇಬಿಕಾ ನವೆಂಬರ್ ಹೊತ್ತಿಗೆ ಹಣ್ಣಾದರೆ ರೋಬಸ್ಟಾ ಕೊಯ್ಲು ಜನವರಿಯಿಂದ ಮುಂದಕ್ಕೆ. ಕೊಯ್ದ ಹಣ್ಣನ್ನು ಸಂಜೆ ತೂಗಿ, ಕಣದಲ್ಲಿ ಹರಡಿ, ಬಿಸಿಲಿಗೆ ಮತ್ತೆ ಮತ್ತೆ ಕೈಯಾಡಿಸಿ ಒಣಗಿಸಿದರೆ ಅದು ಚೆರಿ. ಪಲ್ಪರ್‌ಗೆ ಹಾಕಿ ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ಬೆಲೆಯ ಮಾತು ನಡೆಯುವುದು 50 ಕೆ.ಜಿ. ಚೀಲದ ಲೆಕ್ಕದಲ್ಲಿ. ಕೊಯ್ಲಿನ ಹೊತ್ತಿನಲ್ಲಿ ಅಕಾಲ ಮಳೆ ಬಂದರೆ ಕಣದ ಹಣ್ಣು ಬೂಷ್ಟು ಹಿಡಿಯುತ್ತದೆ. ಈಚಿನ ವರ್ಷಗಳಲ್ಲಿ ಇಂಥ ಮಳೆ ಮತ್ತೆ ಮತ್ತೆ ಕಾಡುತ್ತಿದೆ.

ಕೊಡಗಿನ ಕಾಫಿ ಬೆಳೆಯುವುದು ನೆರಳಿನಲ್ಲಿ. ಹಲಸು, ಅತ್ತಿ, ನಂದಿ, ಬೀಟೆ, ಹಾಲುವಾಣ, ಅವುಗಳ ನಡುವೆ ಸಿಲ್ವರ್ ಓಕ್. ಹೆಚ್ಚಿನ ಮರಗಳಿಗೆ ಕರಿಮೆಣಸಿನ ಬಳ್ಳಿ. ಕೊಡಗಿನ ಕಿತ್ತಳೆ ಒಂದು ಕಾಲಕ್ಕೆ ಈ ನೆರಳಿನ ಪ್ರಸಿದ್ಧ ಫಸಲಾಗಿತ್ತು. ರೋಗದಿಂದ ತುಂಬಾ ಇಳಿಮುಖವಾಗಿದೆ. ತೋಟದ ಕೆಲಸವೆಲ್ಲ ನಡೆದಿರುವುದು ಕೂಲಿಕಾರರ ಬೆನ್ನ ಮೇಲೆ: ಯರವರು, ಕುರುಬರು, ತಲೆಮಾರುಗಳ ಹಿಂದೆ ಬಯಲುಸೀಮೆಯಿಂದಲೂ ತಮಿಳುನಾಡಿನಿಂದಲೂ ಬಂದವರು, ಈಗೀಗ ಅಸ್ಸಾಂ, ಬಂಗಾಳದಿಂದ ಬರುವವರು. ಅವರು ವಾಸಿಸುವ ಲೈನ್‌ಮನೆಗಳ ಬದುಕನ್ನು ಬಿಟ್ಟು ಬರೆದ ಕಾಫಿಯ ಯಾವ ವರ್ಣನೆಯೂ ಅರ್ಧ ಮಾತ್ರ. ಆನೆಗಳು ತೋಟದಲ್ಲಿಯೇ ಬೀಡುಬಿಟ್ಟಿರುವ ದಕ್ಷಿಣ ಮತ್ತು ಪೂರ್ವದ ಹಳ್ಳಿಗಳಲ್ಲಿ ಬೆಳಿಗ್ಗೆ ಕೆಲಸಕ್ಕೆ ನಡೆದು ಹೋಗುವುದೇ ಜೀವಭಯದ ಕೆಲಸವಾಗಿದೆ.

ಕಾವೇರಿಯ ದಾರಿ

ತಲಕಾವೇರಿ ಬ್ರಹ್ಮಗಿರಿಯ ಮಡಿಲಲ್ಲಿ, ಸಮುದ್ರಮಟ್ಟದಿಂದ ಸುಮಾರು 1,276 ಮೀ. ಎತ್ತರದಲ್ಲಿದೆ. ತುಲಾ ಸಂಕ್ರಮಣದಂದು, ಅಂದರೆ ಅಕ್ಟೋಬರ್ 17ರ ಆಸುಪಾಸಿನಲ್ಲಿ, ನಿಗದಿತ ಮುಹೂರ್ತಕ್ಕೆ ಕುಂಡಿಕೆಯಲ್ಲಿ ತೀರ್ಥೋದ್ಭವ ನೋಡಲು ಸಾವಿರಾರು ಮಂದಿ ಸೇರುತ್ತಾರೆ. ತೀರ್ಥ ತಂದು ಮನೆಯಲ್ಲಿಟ್ಟುಕೊಳ್ಳುವುದು ಕೊಡಗಿನ ಎಲ್ಲ ಜನರ ವಾಡಿಕೆ. ಕೆಳಗೆ ಭಾಗಮಂಡಲದಲ್ಲಿ ಕನ್ನಿಕೆ ಮತ್ತು ಕಣ್ಣಿಗೆ ಕಾಣದ ಸುಜ್ಯೋತಿ ಸೇರಿ ತ್ರಿವೇಣಿ ಸಂಗಮವಾಗುತ್ತದೆ. ಅಲ್ಲಿನ ಭಗಂಡೇಶ್ವರ ದೇವಾಲಯ ಕೇರಳ ಶೈಲಿಯದು. ಮಾಡಿನ ಒಳಮೈಯ ಮರದ ಕೆತ್ತನೆಯನ್ನು ಕತ್ತೆತ್ತಿ ನೋಡದೆ ಬರಬಾರದು.

ಅಲ್ಲಿಂದ ನಾಪೋಕ್ಲು ಬಯಲನ್ನು ಹಾದು ನದಿ ಮೂರ್ನಾಡಿನ ಸೀಮೆಗೆ ಬರುತ್ತದೆ. ಬಲಮುರಿಯಲ್ಲಿ ಎರಡು ದಡಗಳಲ್ಲಿ ಅಗಸ್ತ್ಯ ಮತ್ತು ಕಣ್ವ ಮುನಿಗಳ ಹೆಸರಿನ ಗುಡಿಗಳಿವೆ. ಮುನಿದು ಹೊರಟ ಕಾವೇರಿಯನ್ನು ಕೊಡವರು ಇಲ್ಲಿ ತಡೆದು ಬೇಡಿಕೊಂಡರಂತೆ. ಅವಳು ಬಲಕ್ಕೆ ಹೊರಳಿ ನುಗ್ಗಿದ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ತಿರುಗಿತಂತೆ. ಕೊಡವ ಹೆಂಗಸರು ನೆರಿಗೆಯನ್ನು ಬೆನ್ನ ಕಡೆ ಉಡುವುದಕ್ಕೆ ಜನ ಕೊಡುವ ಕಾರಣ ಇದು. ತುಲಾ ಸಂಕ್ರಮಣದ ಹೊತ್ತಿಗೆ ಇಲ್ಲಿಯೂ ಜಾತ್ರೆ ಸೇರುತ್ತದೆ. ತಲಕಾವೇರಿಯ ನೂಕುನುಗ್ಗಲಿಗಿಂತ ಬಲಮುರಿಯ ದಡ ನದಿಯೊಡನೆ ಹೆಚ್ಚು ಆಪ್ತವಾದ ಜಾಗ. ಮುಂದೆ ಬೇತ್ರಿ ಸೇತುವೆ. ಮುಂಗಾರು ಜೋರಾದಾಗ ಮೂರ್ನಾಡು–ವಿರಾಜಪೇಟೆ ದಾರಿಯಲ್ಲಿ ಹೋಗುವವರು ಮೊದಲು ವಿಚಾರಿಸುವುದು ಬೇತ್ರಿಯಲ್ಲಿ ನೀರು ಎಷ್ಟಿದೆ ಎಂದು.

ಮಡಿಕೇರಿ ಮತ್ತು ಇತರ ಪೇಟೆಗಳು

ಹಾಲೇರಿ ವಂಶದ ಲಿಂಗಾಯತ ಅರಸರು ಕೊಡಗನ್ನು 1834ರವರೆಗೆ ಆಳಿದರು. ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಮಡಿಕೇರಿಗೆ ತಂದ. ಕೋಟೆ ಟಿಪ್ಪುವಿನ ಕೈಗೆ ಹೋದಾಗ ಅದಕ್ಕೆ ಜಾಫರಾಬಾದ್ ಎಂಬ ಹೆಸರಾಯಿತು. ಈಗಿರುವ ಅರಮನೆ ಇಮ್ಮಡಿ ಲಿಂಗರಾಜೇಂದ್ರನ ಕಾಲದ್ದು, 1812–14ರಲ್ಲಿ ಕಟ್ಟಿದ್ದು. ಕೋಟೆಯ ಅಂಗಳದಲ್ಲಿ ಆಳೆತ್ತರ ಮೀರಿದ ಎರಡು ಗಾರೆಯ ಆನೆಗಳು ನಿಂತಿವೆ. ಬ್ರಿಟಿಷರು 1855ರಲ್ಲಿ ಕಟ್ಟಿದ ಸೇಂಟ್ ಮಾರ್ಕ್ಸ್ ಚರ್ಚು ಈಗ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಓಂಕಾರೇಶ್ವರ ದೇವಾಲಯಕ್ಕೆ ಗುಮ್ಮಟವಿದೆ, ನಾಲ್ಕು ಮೂಲೆಗೆ ಗೋಪುರಗಳಿವೆ. ಎದುರಿನ ಕೊಳದ ನಡುವಿನ ಮಂಟಪಕ್ಕೆ ಕಾಲುದಾರಿ. ದೇವಾಲಯ ಕಟ್ಟಿಸಿದ ಸಂಗತಿಯನ್ನು ಹೇಳುವ ತಾಮ್ರದ ಫಲಕ ಬಾಗಿಲವಾಡದ ಬಳಿ ಇದೆ. ಬಂದವರಲ್ಲಿ ನಿಂತು ಓದುವವರು ಕಡಿಮೆ.

ಮಡಿಕೇರಿಯಲ್ಲಿ ಒಂದೇ ಸ್ಥಳ ನೋಡಲು ಸಮಯವಿದ್ದರೆ ಗದ್ದಿಗೆಗೆ ಹೋಗಬೇಕು. ದೊಡ್ಡ ವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮ, ಲಿಂಗರಾಜೇಂದ್ರ, ರಾಜಗುರು ರುದ್ರಪ್ಪ ಇವರ ಸಮಾಧಿಗಳಿಗೆ ಗುಮ್ಮಟ, ಮಿನಾರು, ಹೊಳಪಿನ ಸರಳುಗಳ ಕಿಟಕಿ. ಇಸ್ಲಾಮೀ ವಾಸ್ತುರೂಪ, ಒಳಗೆ ಲಿಂಗಪೂಜೆ. ಅರಸನಿಗಾಗಿ ಹೋರಾಡಿದ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳೂ ಅದೇ ಆವರಣದಲ್ಲಿವೆ. ಸಂಜೆ ರಾಜಾಸೀಟಿನಲ್ಲಿ ಜಾಗ ಸಿಗದ ದಿನಗಳಲ್ಲಿಯೂ ಇಲ್ಲಿ ಜನವಿರುವುದಿಲ್ಲ.

ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಕತೆ ಕೊಡಗಿನಲ್ಲಿ ಮುಗಿಯುವುದಿಲ್ಲ. 1834ರಲ್ಲಿ ಕರ್ನಲ್ ಫ್ರೇಸರ್‌ನ ಸೈನ್ಯ ಅವನನ್ನು ಪದಚ್ಯುತಗೊಳಿಸಿತು. ಕಾಶಿಯಲ್ಲಿ ವರ್ಷಗಟ್ಟಲೆ ಇದ್ದು, 1852ರಲ್ಲಿ ತನ್ನ ಹಣಕ್ಕಾಗಿ ಹೋರಾಡಲು ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದ. ಆ ಹುಡುಗಿಗೆ ಅದೇ ವರ್ಷ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಕ್ರೈಸ್ತ ದೀಕ್ಷೆ ಕೊಡಿಸಿದಳು. ಅರಸ 1859ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡ, ಮಗಳು 1864ರಲ್ಲಿ. ಇಂಗ್ಲಿಷರು ಕೊಡಗನ್ನು ಭಾರತದ ಸ್ಕಾಟ್‌ಲೆಂಡ್ ಎಂದು ಕರೆದು ಹೋದರು, ಪ್ರವಾಸೋದ್ಯಮ ಇಂದಿಗೂ ಅದನ್ನೇ ಹೇಳುತ್ತಿದೆ. ಲಂಡನ್ನಿನ ಮಣ್ಣಲ್ಲಿ ಕೊಡಗಿನ ಅರಸನೂ ರಾಜಕುಮಾರಿಯೂ ಮಲಗಿರುವುದನ್ನು ಇಲ್ಲಿಗೆ ಬಂದವರಿಗೆ ಹೇಳುವ ಫಲಕವಾದರೂ ಬೇಕಿತ್ತು. ಬ್ರಿಟಿಷರ ವಿರುದ್ಧ 1837ರ ಅಮರಸುಳ್ಯ ದಂಗೆಯಲ್ಲಿ ಎದ್ದುನಿಂತ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯ ಕೋಟೆಯ ಬಳಿ ಅದೇ ವರ್ಷದ ಅಕ್ಟೋಬರ್ 31ರಂದು ಗಲ್ಲಿಗೇರಿಸಲಾಯಿತು.

ಸ್ವಾತಂತ್ರ್ಯಾನಂತರ ಕೊಡಗು ಕೆಲಕಾಲ ಪ್ರತ್ಯೇಕ ರಾಜ್ಯವಾಗಿದ್ದು, 1952ರಿಂದ ಸಿ.ಎಂ. ಪೂಣಚ್ಚ ಅದರ ಮುಖ್ಯಮಂತ್ರಿಯಾಗಿದ್ದರು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದೊಡನೆ ವಿಲೀನವಾಯಿತು. ಸೇನೆಯ ಚರಿತ್ರೆಯಲ್ಲಿ ಜಿಲ್ಲೆಯ ಪಾಲು ಎಲ್ಲರಿಗೂ ಗೊತ್ತಿರುವುದೇ: ಸ್ವತಂತ್ರ ಭಾರತದ ಮೊದಲ ಭಾರತೀಯ ದಂಡನಾಯಕ ಕೆ.ಎಂ. ಕಾರ್ಯಪ್ಪ, ಅನಂತರ ಭೂಸೇನೆಯ ಮುಖ್ಯಸ್ಥರಾದ ಕೆ.ಎಸ್. ತಿಮ್ಮಯ್ಯ. ತಿಮ್ಮಯ್ಯನವರು ಹುಟ್ಟಿದ ‘ಸನ್ನಿಸೈಡ್’ ಮನೆ 2021ರಿಂದ ವಸ್ತುಸಂಗ್ರಹಾಲಯವಾಗಿದೆ.

ವಿರಾಜಪೇಟೆಯನ್ನು ದೊಡ್ಡ ವೀರರಾಜೇಂದ್ರ 1792ರಲ್ಲಿ ಸ್ಥಾಪಿಸಿದ. ಗಡಿಯಾರ ಗೋಪುರ, ಸಂತ ಅನ್ನಮ್ಮನ ಚರ್ಚು, ಜೇನು ಸಹಕಾರ ಸಂಘ ಇದರ ಗುರುತುಗಳು. ಗೋಣಿಕೊಪ್ಪ ವ್ಯಾಪಾರದ ಊರು. ಕುಶಾಲನಗರದ ಬಳಿ ಕಾವೇರಿ ನಿಸರ್ಗಧಾಮ, ಸ್ವಲ್ಪ ಆಚೆಗೆ ದುಬಾರೆ ಆನೆ ಶಿಬಿರ ಮತ್ತು ಹಾರಂಗಿ ಜಲಾಶಯ ಇವೆ. ರಜಾದಿನಗಳಲ್ಲಿ ಅಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಸೋಮವಾರಪೇಟೆ ಸೀಮೆಯಲ್ಲಿ ಕುಮಾರಧಾರಾ ನದಿಯ ಮಲ್ಲಳ್ಳಿ ಜಲಪಾತ ಹೆಸರಾದದ್ದು. ಆದರೆ ಆ ಕಡೆ ಹೋದವರು ಶನಿವಾರಸಂತೆಯ ಬಳಿಯ ಮುಳ್ಳೂರನ್ನು ಬಿಡಬಾರದು. ಕೊಂಗಾಳ್ವರ ಕಾಲದ, ಹನ್ನೊಂದನೆಯ ಶತಮಾನದ ಮೂರು ಬಸದಿಗಳು ಅಲ್ಲಿ ಸಾಲಾಗಿ ನಿಂತಿವೆ. ಕನ್ನಡ ಶಾಸನಗಳ ಮಹಾಸಂಕಲನವಾದ ಎಪಿಗ್ರಾಫಿಯಾ ಕರ್ನಾಟಿಕಾದ ಮೊದಲ ಸಂಪುಟವೇ ಕೊಡಗಿನ ಶಾಸನಗಳದು, ಬಿ.ಎಲ್. ರೈಸ್ ಅದನ್ನು ಹೊರತಂದದ್ದು 1886ರಲ್ಲಿ.

ಮೂರ್ನಾಡಿನಿಂದ ಪಶ್ಚಿಮಕ್ಕೆ

ನಾಪೋಕ್ಲು ದಾಟಿ ಕಕ್ಕಬ್ಬೆಗೆ ಹೋಗುವ ದಾರಿಯೇ ಜಿಲ್ಲೆಯ ಅತ್ಯಂತ ಸುಂದರ ದಾರಿ. ಪಾಡಿಯಲ್ಲಿ ಇಗ್ಗುತಪ್ಪ, ಮಳೆಬೆಳೆಯ ದೇವರು. ಹುತ್ತರಿ ಹಬ್ಬದ ದಿನ, ಕದಿರು ಕುಯ್ಯುವ ಮುಹೂರ್ತ ನಿಶ್ಚಯವಾಗುವುದು ಆತನ ಸನ್ನಿಧಿಯಲ್ಲಿ. ತಡಿಯಂಡಮೋಳ್ 1,748 ಮೀ. ಎತ್ತರವಿದ್ದು ಜಿಲ್ಲೆಗೆಲ್ಲ ದೊಡ್ಡ ಬೆಟ್ಟ. ಅದರ ಬುಡದ ನಾಲ್ಕುನಾಡು ಅರಮನೆಯನ್ನು ದೊಡ್ಡ ವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ. ಅರಮನೆ ಎಂದರೆ ವೈಭವ ಎಣಿಸಿದವರಿಗೆ ಈ ಎರಡಂತಸ್ತಿನ ಮರದ ಮನೆ ಸಣ್ಣದೆನಿಸಬಹುದು. ಶತ್ರುವಿನಿಂದ ಅಡಗಲು ಕಾಡಿನಂಚಿನಲ್ಲಿ ಕಟ್ಟಿದ ಬೀಡು ಅದು. ಚಿತ್ರ ಬರೆದ ಗೋಡೆ, ಕೆತ್ತನೆಯ ಬಾಗಿಲು ಉಳಿದಿವೆ. ನಾಪೋಕ್ಲು ಬಳಿಯ ಎಮ್ಮೆಮಾಡು ದರ್ಗಾದ ಉರೂಸಿಗೆ ಎಲ್ಲ ಜಾತಿಯವರೂ ಹೋಗುತ್ತಾರೆ.

ಇದೇ ನಾಪೋಕ್ಲು ಹಾಕಿಗೂ ಹೆಸರುವಾಸಿ. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿ ಹಬ್ಬದಲ್ಲಿ ಆಡಿದ್ದು 60 ಮನೆತನಗಳು. 2024ರಲ್ಲಿ ಕುಂಡ್ಯೋಳಂಡ ಮನೆತನ ನಾಪೋಕ್ಲಿನಲ್ಲಿ ನಡೆಸಿದಾಗ ತಂಡಗಳು 360 ಆಗಿದ್ದವು. ಪ್ರತಿ ವರ್ಷ ಒಂದು ಮನೆತನ ಹೊಣೆ ಹೊರುತ್ತದೆ. ಒಂದೇ ತಂಡದಲ್ಲಿ ಅಪ್ಪ, ಮಗ, ಸೊಸೆ ಸ್ಟಿಕ್ ಹಿಡಿದು ಇಳಿಯುವುದನ್ನು ಇನ್ನೆಲ್ಲಿ ಕಾಣುವುದು?

ಹಬ್ಬ, ಊಟ, ಋತು

ಸೆಪ್ಟೆಂಬರ್ 3ರ ಕೈಲ್ ಪೊಳ್ದ್‌ನಲ್ಲಿ ಕೋವಿ, ಕತ್ತಿಗಳನ್ನು ತೋಕ್ ಪೂ ಎಂಬ ಹೂವಿನಿಂದ ಸಿಂಗರಿಸಿ ಪೂಜಿಸುತ್ತಾರೆ. ನಾಟಿಯ ದುಡಿಮೆ ಮುಗಿದ ಬಿಡುವಿನ ಹಬ್ಬವದು. ನವೆಂಬರ್ ಕೊನೆ ಅಥವಾ ಡಿಸೆಂಬರ್‌ನ ಹುಣ್ಣಿಮೆಯ ಸುಮಾರಿಗೆ ಹುತ್ತರಿ. ರಾತ್ರಿ ಮನೆಮಂದಿ ದೀಪ ಹಿಡಿದು ಗದ್ದೆಗಿಳಿಯುತ್ತಾರೆ, ಕೋವಿಯ ಸದ್ದಿನೊಡನೆ ಕದಿರು ಕುಯ್ಯುತ್ತಾರೆ, ಬೆಳೆ ಹೆಚ್ಚಲಿ ಎಂದು ಪೊಲಿ ಪೊಲಿ ಎಂದು ಕೂಗುತ್ತಾರೆ. ಐದು ಬಗೆಯ ಎಲೆಗಳಲ್ಲಿ ಸುತ್ತಿದ ನೆರೆಯನ್ನು ಕದಿರಿನೊಡನೆ ಬಾಗಿಲಿಗೆ, ಕಂಬಕ್ಕೆ ಕಟ್ಟುತ್ತಾರೆ. ಮಡಿಕೇರಿಯ ಹೈಸ್ಕೂಲಿನಲ್ಲಿ ಕೆಲಸ ಮಾಡಿದ ಪಂಜೆ ಮಂಗೇಶರಾಯರು ತಮ್ಮ ಪದ್ಯದ ಮೂಲಕ ಈ ಹಬ್ಬವನ್ನು ಕನ್ನಡಿಗರೆಲ್ಲರ ನಾಲಿಗೆಗೆ ತಂದರು. ನಾಡಿನ ಹಾಡು, ಪದ್ಧತಿಗಳನ್ನು ನಡಿಕೇರಿಯಂಡ ಚಿಣ್ಣಪ್ಪ ‘ಪಟ್ಟೋಲೆ ಪಳಮೆ’ಯಲ್ಲಿ ಸಂಗ್ರಹಿಸಿಟ್ಟದ್ದು 1924ರಲ್ಲಿ, ಅದಿಲ್ಲದೆ ಕೊಡವ ಸಂಸ್ಕೃತಿಯ ಅಧ್ಯಯನವೇ ಇಲ್ಲ.

ಊಟದಲ್ಲಿ ಹಂದಿಕರಿ–ಕಡಂಬುಟ್ಟಿನ ಜೋಡಿ ಪ್ರಸಿದ್ಧ. ಕರಿಗೆ ಆ ಕಪ್ಪು ಬಣ್ಣ ಮತ್ತು ಹುಳಿ ಬರುವುದು ಕಾಚಂಪುಳಿಯಿಂದ. ಆದರೆ ಮಳೆಗಾಲದ ಅಡಿಗೆಯೇ ಕೊಡಗಿನ ಹೆಚ್ಚುಗಾರಿಕೆ: ಕಳಲೆ, ಅಣಬೆ, ಕೆಸುವಿನ ಸೊಪ್ಪು, ಹೊಳೆಯ ಏಡಿ. ಕಕ್ಕಡ ತಿಂಗಳ ಹದಿನೆಂಟನೆಯ ದಿನ, ಆಗಸ್ಟ್ ಮೊದಲ ವಾರದಲ್ಲಿ, ಮದ್ದುಸೊಪ್ಪನ್ನು ಕುದಿಸಿದ ನೀರಿನಲ್ಲಿ ಪಾಯಸ ಮಾಡುತ್ತಾರೆ. ಹಸುರು ಸೊಪ್ಪಿನಿಂದ ಕಡುನೇರಳೆ ಬಣ್ಣ ಇಳಿಯುತ್ತದೆ. ಅಂದು ಆ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧಗಳು ಕೂಡಿರುತ್ತವೆ ಎಂಬುದು ನಂಬಿಕೆ.

ಆ ಮಳೆಯೇ ಅಪಾಯವೂ ಹೌದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರ, ಜೋಡುಪಾಲದ ಬೆಟ್ಟಗಳು ಕುಸಿದು ಮನೆ, ತೋಟ, ರಸ್ತೆಗಳು ಕೊಚ್ಚಿಹೋದವು. 2019ರಲ್ಲಿ ವಿರಾಜಪೇಟೆ ಬಳಿಯ ತೋರದಲ್ಲಿ, 2020ರ ಆಗಸ್ಟ್‌ನಲ್ಲಿ ತಲಕಾವೇರಿಯಲ್ಲಿ ಬೆಟ್ಟ ಜಾರಿ ಜೀವಹಾನಿಯಾಯಿತು. ವಿಪರೀತ ಮಳೆಯ ಜೊತೆಗೆ ಇಳಿಜಾರುಗಳನ್ನು ಯಂತ್ರಗಳಿಂದ ಕಡಿದು ಕಟ್ಟಡ, ರಸ್ತೆ ಮಾಡಿದ್ದೂ ಚರ್ಚೆಗೆ ಬಂದಿದೆ. ಬೆಟ್ಟದ ತುದಿಯ ನೋಟಕ್ಕಾಗಿ ಬೆಟ್ಟವನ್ನೇ ಕಡಿಯುವ ಪ್ರವಾಸೋದ್ಯಮ ಕೊಡಗಿಗೆ ಬೇಡ.

ನೋಡಲು ಒಳ್ಳೆಯ ಕಾಲ ಅಕ್ಟೋಬರ್‌ನಿಂದ ಮಾರ್ಚ್. ಹುತ್ತರಿ, ಕೊಯ್ಲು, ಕಾಫಿ ಹೂ ಎಲ್ಲವೂ ಆ ಅವಧಿಯಲ್ಲೇ ಬರುತ್ತವೆ. ಮಡಿಕೇರಿ–ವಿರಾಜಪೇಟೆ ನಡುವಿನ ಬಸ್ಸು ಹಿಡಿದರೆ ಮೂರ್ನಾಡಿನಲ್ಲಿ ಇಳಿಯಬಹುದು, ಅಲ್ಲಿಂದ ನಾಪೋಕ್ಲು ಕಡೆಗೂ ಬಸ್ಸಿದೆ. ದೇವರಕಾಡಿಗೆ ಊರವರನ್ನು ಕೇಳಿಯೇ ಹೋಗಿ, ತೋಟದ ಬೇಲಿ ದಾಟಬೇಡಿ, ತಂದ ಪ್ಲಾಸ್ಟಿಕ್ಕನ್ನು ವಾಪಸ್ಸು ಒಯ್ಯಿರಿ. ಇಲ್ಲಿ ಬಿಸಾಡಿದ್ದೆಲ್ಲ ಮುಂದಿನ ಮಳೆಗೆ ಕಾವೇರಿಗೇ ಸೇರುತ್ತದೆ.